ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಾನಾಗೇ ಆಫ್ ಆಗ್ತಿದೆಯಾ? ಫಾರ್ಮ್ಯಾಟ್ ಹೊಡೆಯುವ ಮೊದಲು ಇದನ್ನು ನೋಡಿ

ಕಲಬುರಗಿಯಲ್ಲಿ ಕಾಲೇಜು ಸೇರುವ ಬಹಳಷ್ಟು ಹುಡುಗ ಹುಡುಗಿಯರು ಮೊದಲು ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೀಟ್‌ಬುಕ್‌ಗಳು ಹೈದರಾಬಾದ್, ಬೆಂಗಳೂರು ದಾಟಿ ಇಲ್ಲಿಗೆ ಬರುತ್ತವೆ. ಇವು ಗಟ್ಟಿ ಮಷಿನ್‌ಗಳು, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ತಂದ ಕೆಲವೇ ದಿನಕ್ಕೆ "ಅಣ್ಣಾ, ಲ್ಯಾಪ್‌ಟಾಪ್ ತಾನೇ ಬಂದ್ ಬೀಳಲತ್ತದ" ಅಂತ ಹೇಳುವವರೂ ಬಹಳ.

ಅದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: "ಫಾರ್ಮ್ಯಾಟ್ ಹೊಡಿ, ಸರಿ ಆಗ್ತದ." ನನ್ನ ಪ್ರಕಾರ ಅದು ಕೊನೆಯ ಸಲಹೆ ಆಗಬೇಕು. ಧೂಳು ತುಂಬಿದ ಫ್ಯಾನ್, ಸತ್ತ ಬ್ಯಾಟರಿ, ಕೆಟ್ಟ ರ‍್ಯಾಮ್ ಯಾವುದೂ ಫಾರ್ಮ್ಯಾಟ್‌ನಿಂದ ಸರಿಹೋಗುವುದಿಲ್ಲ. ಫೈಲ್‌ಗಳು ಹೋಗುತ್ತವೆ, ದುಡ್ಡು ಹೋಗುತ್ತದೆ, ವಾರದೊಳಗೆ ಅದೇ ತೊಂದರೆ ಮತ್ತೆ ಬರುತ್ತದೆ. ಲ್ಯಾಪ್‌ಟಾಪ್ ಹೇಗೆ ಬಂದ್ ಬೀಳುತ್ತದೆ ಅನ್ನುವುದೇ ಅರ್ಧ ಉತ್ತರ. ಹಾಗಾಗಿ ಕೆಳಗಿನ ಭಾಗಗಳನ್ನು ಕಣ್ಣಿಗೆ ಕಾಣುವ ಲಕ್ಷಣದ ಮೇಲೆ ಮಾಡಿದ್ದೇನೆ. ನಿಮ್ಮ ಲಕ್ಷಣ ಯಾವುದೋ ಆ ಭಾಗಕ್ಕೆ ಹೋಗಿ. ಮುಂದಿನ ಭಾಗವನ್ನು ಮಾತ್ರ ಎಲ್ಲರೂ ಓದಿ.

ಏನಾದರೂ ಮುಟ್ಟುವ ಮೊದಲು

ಪ್ರಾಜೆಕ್ಟ್, ಫೋಟೋ, ಮಾರ್ಕ್ಸ್‌ಕಾರ್ಡ್ ಸ್ಕ್ಯಾನ್ ಎಲ್ಲವನ್ನೂ ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಇವತ್ತೇ ಕಾಪಿ ಮಾಡಿ. ಪದೇ ಪದೇ ಬಂದ್ ಬೀಳುವ ಮಷಿನ್ ಒಂದು ದಿನ ಮತ್ತೆ ಆನ್ ಆಗದೇ ಇರಬಹುದು.

ಆಮೇಲೆ ಬಿಲ್ ನೋಡಿ. ಹಳೇ ಲ್ಯಾಪ್‌ಟಾಪ್ ಮಾರುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೆಲವು ದಿನದ ಟೆಸ್ಟಿಂಗ್ ವಾರಂಟಿ ಇರುತ್ತದೆ. ಅದು ಮುಗಿದಿಲ್ಲ ಅಂದರೆ ತಳದ ಸ್ಕ್ರೂ ಬಿಚ್ಚಬೇಡಿ. ಸ್ಕ್ರೂ ಮೇಲೆ ಅಂಟಿಸಿದ ಚಿಕ್ಕ ಸ್ಟಿಕ್ಕರ್ ಹರಿದಿದ್ದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲು ತಕರಾರು ಮಾಡುತ್ತಾರೆ. ಬಂದ್ ಬೀಳುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಅಂಗಡಿಗೆ ಒಯ್ದಾಗ ಲ್ಯಾಪ್‌ಟಾಪ್ ಸುಮ್ನೆ ಚೆನ್ನಾಗಿ ನಡೆದುಬಿಡುತ್ತದೆ, ಆಗ ತೋರಿಸಲು ಬೇಕು.

ಒಂದೆರಡು ದಿನ ಒಂದು ಹಾಳೆಯಲ್ಲಿ ಬರೆದಿಡಿ. ಎಷ್ಟು ಗಂಟೆಗೆ ಬಂದ್ ಬಿತ್ತು, ಚಾರ್ಜರ್ ಹಾಕಿತ್ತಾ, ಏನು ನಡೀತಿತ್ತು, ತಳ ಬಿಸಿ ಇತ್ತಾ, ಆ ಹೊತ್ತಿಗೆ ಕರೆಂಟ್ ಏನಾದರೂ ಹೋಗಿ ಬಂತಾ. ಎಲ್ಲವೂ ಮಧ್ಯಾಹ್ನ ಎರಡರಿಂದ ಐದರ ಒಳಗೇ ಇದ್ದರೆ ಅದೊಂದು ಉತ್ತರ. ಚಾರ್ಜರ್ ಹಾಕಿದಾಗ ಮಾತ್ರ ಆಗುತ್ತಿದ್ದರೆ ಇನ್ನೊಂದು ಉತ್ತರ.

ವಿಂಡೋಸ್ ಕೂಡ ತನ್ನದೇ ಲೆಕ್ಕ ಇಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ' ಅಂತ ಹುಡುಕಿ. ಬರುವ ಚಾರ್ಟಿನಲ್ಲಿ ಯಾವ ದಿನ ಯಾವ ಪ್ರೋಗ್ರಾಂ ಅಥವಾ ಡ್ರೈವರ್ (ಒಳಗಿನ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಪ್ರೋಗ್ರಾಂ) ಹೊಸದಾಗಿ ಬಂತು, ಯಾವ ದಿನದಿಂದ ಕೆಂಪು ಗುರುತು ಶುರುವಾಯಿತು ಎರಡೂ ಒಂದೇ ಕಡೆ ಕಾಣುತ್ತವೆ. ಈವೆಂಟ್ ವ್ಯೂವರ್ ತೆರೆದವರಿಗೆ 'ಕರ್ನಲ್ ಪವರ್ 41' ಅನ್ನುವ ಸಾಲು ಖಂಡಿತ ಸಿಗುತ್ತದೆ. ಅದನ್ನು ನೋಡಿ ಪವರ್ ಬೋರ್ಡ್ ಹೋಗಿದೆ ಅಂತ ಹೆದರುವವರಿದ್ದಾರೆ. ಅದರ ಅರ್ಥ ಇಷ್ಟೇ: ಹಿಂದಿನ ಸಲ ಲ್ಯಾಪ್‌ಟಾಪ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಕಾರಣ ಅದರಲ್ಲಿ ಇರುವುದಿಲ್ಲ. ಅದರ ಹಿಂದೆ ಮುಂದೆ 'ಬಗ್‌ಚೆಕ್' ಅನ್ನುವ ಸಾಲು ಇದ್ದರೆ ಬ್ಲೂ ಸ್ಕ್ರೀನ್ (ವಿಂಡೋಸ್ ಕೆಟ್ಟು ನಿಂತಾಗ ತೋರಿಸುವ ಪರದೆ) ಬಂದಿದೆ ಅಂತ. ಏನೂ ಇಲ್ಲದಿದ್ದರೆ ಕರೆಂಟೇ ಕಡಿದುಹೋಗಿದೆ ಅಥವಾ ಮಷಿನ್ ಹ್ಯಾಂಗ್ ಆಗಿ ನೀವೇ ಒತ್ತಿ ಆಫ್ ಮಾಡಿದ್ದೀರಿ.

ಲಕ್ಷಣ 1: ಏನೂ ಸೂಚನೆ ಕೊಡದೆ ಪಟ್ ಅಂತ ಆಫ್, ಮುಟ್ಟಿದರೆ ತಣ್ಣಗಿದೆ

ಲೈಟು, ಫ್ಯಾನು, ಸ್ಕ್ರೀನು ಎಲ್ಲ ಒಂದೇ ಕ್ಷಣಕ್ಕೆ ನಿಂತರೆ ಮೊದಲ ಅನುಮಾನ ಕರೆಂಟಿನ ದಾರಿಯ ಮೇಲೆ. ಗೋಡೆಯ ಸಾಕೆಟ್, ಚಾರ್ಜರ್, ಚಾರ್ಜಿಂಗ್ ಪಿನ್, ಬ್ಯಾಟರಿ ಇದೇ ಕ್ರಮದಲ್ಲಿ ನೋಡಬೇಕು.

ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು. ಚಾರ್ಜರ್ ಹಾಕಿ, ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ಇರುವಾಗ ಚಾರ್ಜರ್ ಕಿತ್ತುಬಿಡಿ. ಕಿತ್ತ ಕೂಡಲೇ ಆಫ್ ಆದರೆ ಬ್ಯಾಟರಿ ಹೆಸರಿಗಷ್ಟೇ ಇದೆ. ಅಂಥ ಲ್ಯಾಪ್‌ಟಾಪ್ ಕರೆಂಟ್ ಹೋದಾಗಲೆಲ್ಲ ಆಫ್ ಆಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಕೆಲವು ಸಲ ಆಗುತ್ತದೆ, ಏಕೆಂದರೆ ಲೈನಿನಿಂದ ಇನ್ವರ್ಟರ್‌ಗೆ ಬದಲಾಗುವಾಗ ಒಂದು ಕ್ಷಣ ಸಪ್ಲೈ ಕಡಿಯುತ್ತದೆ. ಬಲ್ಬು ಮಿಣುಕಿದ್ದು ನಿಮಗೆ ಕಾಣದೇ ಇರಬಹುದು. ಇಂಥದ್ದನ್ನು ಕ್ರ್ಯಾಶ್ ಅಂದುಕೊಂಡು ಫಾರ್ಮ್ಯಾಟ್ ಮಾಡಿಸಿದವರು ಎಷ್ಟೋ ಜನ.

ಬ್ಯಾಟರಿ 30 ಅಥವಾ 40 ಪರ್ಸೆಂಟ್ ತೋರಿಸುತ್ತಾ ದಿಢೀರ್ ಆಫ್ ಆದರೂ ಬ್ಯಾಟರಿಯದೇ ತಪ್ಪು. ಹಳೇ ಸೆಲ್‌ಗಳ ಮೇಲೆ ಭಾರ ಬಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಖಚಿತ ಮಾಡಿಕೊಳ್ಳಲು ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಕಮಾಂಡ್‌ಗೆ ಸ್ಲ್ಯಾಶ್ ಹಾಕಿ ಬ್ಯಾಟರಿರಿಪೋರ್ಟ್ (powercfg /batteryreport) ಅಂತ ಕೊಡಿ. ಒಂದು ಫೈಲ್ ಸೇವ್ ಆಗುತ್ತದೆ. ಅದರಲ್ಲಿ 'ಡಿಸೈನ್ ಕೆಪಾಸಿಟಿ' ಮತ್ತು 'ಫುಲ್ ಚಾರ್ಜ್ ಕೆಪಾಸಿಟಿ' ಎರಡನ್ನೂ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸುವುದೇ ಮದ್ದು.

ಬ್ಯಾಟರಿಯಲ್ಲಿ ಚೆನ್ನಾಗಿ ನಡೆದು ಚಾರ್ಜರ್ ಹಾಕಿದಾಗ ಮಾತ್ರ ಬಂದ್ ಬಿದ್ದರೆ ಚಾರ್ಜರ್ ತಿರುಗಿಸಿ ಬರಹ ಓದಿ. ಲ್ಯಾಪ್‌ಟಾಪ್‌ಗೆ 65 ವ್ಯಾಟ್ ಬೇಕಿರುವಾಗ ಅಂಗಡಿಯವರು ಕೈಗೆ ಸಿಕ್ಕ 45 ವ್ಯಾಟಿನದು ಕೊಟ್ಟಿರಬಹುದು. ಡೆಲ್ ಚಾರ್ಜರ್‌ನ ದುಂಡು ಪಿನ್ ನಡುವೆ ಒಂದು ತೆಳು ಸೂಜಿ ಇರುತ್ತದೆ. ಚಾರ್ಜರ್ ಯಾವುದು ಅಂತ ಲ್ಯಾಪ್‌ಟಾಪ್‌ಗೆ ಗೊತ್ತಾಗುವುದು ಅದರಿಂದ. ಅದು ಬಾಗಿದರೆ ಅಥವಾ ಚಾರ್ಜರ್ ನಕಲಿಯಾಗಿದ್ದರೆ ಆನ್ ಆಗುವಾಗಲೇ ಅಡಾಪ್ಟರ್ ಗುರುತು ಸಿಗಲಿಲ್ಲ ಅಂತ ಸಂದೇಶ ಬರುತ್ತದೆ, ಮಷಿನ್ ನಿಧಾನವಾಗುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಗೆಳೆಯರ ಬಳಿ ಅದೇ ಕಂಪನಿಯ, ಅದೇ ವ್ಯಾಟಿನ ಒರಿಜಿನಲ್ ಚಾರ್ಜರ್ ಇದ್ದರೆ ಒಂದು ದಿನ ಕೇಳಿ ಹಾಕಿ ನೋಡಿ. ಹೊಸದು ಕೊಳ್ಳುವ ಮೊದಲು ಇದು ಆಗಲೇಬೇಕು.

ವೋಲ್ಟೇಜ್ ಬಗ್ಗೆ ಒಂದು ಮಾತು. ಊರಿನಲ್ಲಿ ವೋಲ್ಟೇಜ್ ಕಡಿಮೆ ಅಂತ ಲ್ಯಾಪ್‌ಟಾಪ್‌ಗೆ ಸ್ಟೆಬಿಲೈಜರ್ ಕೊಳ್ಳಬೇಕಿಲ್ಲ. ಒರಿಜಿನಲ್ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಬಲ್ಬು ಮಂಕಾದರೂ ಅದು ಕೆಲಸ ಮಾಡುತ್ತದೆ. ಅಪಾಯ ಇರುವುದು ನ್ಯೂಟ್ರಲ್ ಸಡಿಲವಾಗಿ ವೋಲ್ಟೇಜ್ ದಿಢೀರ್ ಏರಿದಾಗ. ಬಲ್ಬುಗಳು ಒಮ್ಮೆ ಜೋರಾಗಿ ಒಮ್ಮೆ ಮಂಕಾಗಿ ಉರಿಯುತ್ತಿದ್ದರೆ ಚಾರ್ಜರ್ ಕೀಳಿ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ಜುಂ ಅನ್ನುತ್ತದೆಯಾ? ಅರ್ಥಿಂಗ್ ನೋಡಿಸಬೇಕು. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಕನ್ವರ್ಟರ್‌ಗೆ ಸಿಕ್ಕಿಸಿದ್ದರೆ ಮೊದಲು ಅದನ್ನು ತೆಗೆಯಿರಿ. ನಮ್ಮ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಒಣಗಿದ ಮಣ್ಣಿನಲ್ಲಿ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕುವ ಹಳೇ ರೂಢಿ ಬಹಳ ಸರಿಯಾದದ್ದು. ಗುಂಡಿಯೇ ಇಲ್ಲದ ಬಾಡಿಗೆ ರೂಮುಗಳೂ ಇವೆ. ಅಲ್ಲಿ ಮನೆ ಮಾಲೀಕರ ಜೊತೆ ಮಾತಾಡಲೇಬೇಕು, ಇದು ಜೀವದ ಪ್ರಶ್ನೆ.

ಇಲ್ಲಿ ನಿಲ್ಲಿಸಿ: ಬ್ಯಾಟರಿ ಉಬ್ಬಿದ್ದರೆ

ಟಚ್‌ಪ್ಯಾಡ್ ಮೇಲೆದ್ದಿದೆ, ಕ್ಲಿಕ್ ಒತ್ತಲು ಬರುತ್ತಿಲ್ಲ, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತದೆ, ತಳದ ಮುಚ್ಚಳ ಬಾಯಿ ಬಿಟ್ಟಿದೆ. ಇದರಲ್ಲಿ ಒಂದು ಕಂಡರೂ ಬ್ಯಾಟರಿ ಉಬ್ಬಿದೆ ಅಂತ ತಿಳಿಯಿರಿ. ಚಾರ್ಜರ್ ಕೀಳಿ, ಆಫ್ ಮಾಡಿ, ಮತ್ತೆ ಚಾರ್ಜ್ ಮಾಡಬೇಡಿ. ಉಬ್ಬನ್ನು ಒತ್ತಬೇಡಿ, ಸೂಜಿ ಚುಚ್ಚಬೇಡಿ, ಸ್ಕ್ರೂಡ್ರೈವರ್‌ನಿಂದ ಎಬ್ಬಿಸಬೇಡಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು. ಹಾಸಿಗೆ, ಪುಸ್ತಕದ ರಾಶಿಯಿಂದ ದೂರ, ಬರಿ ಪರಸಿ ನೆಲದ ಮೇಲೆ ನೆರಳಲ್ಲಿ ಇಟ್ಟು ರಿಪೇರಿಯವರನ್ನು ಕೇಳಿ. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬಾರದು. ಬ್ಯಾಟರಿ ಕೊಟ್ಟ ಅಂಗಡಿಗೇ ಹಳೆಯದನ್ನು ವಾಪಸ್ ಕೊಡಿ.

ಲಕ್ಷಣ 2: ಫ್ಯಾನ್ ಜೋರಾಗಿ ಕೂಗಿ, ಮಷಿನ್ ನಿಧಾನವಾಗಿ, ಆಮೇಲೆ ಆಫ್

ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಕ್ರ್ಯಾಶ್‌ಗಳಿಗೆ ನಾನು ಮೊದಲು ಅನುಮಾನಿಸುವುದು ಇದನ್ನೇ. ಬಹಳಷ್ಟು ಲ್ಯಾಪ್‌ಟಾಪ್‌ಗಳನ್ನು ಸುಮಾರು 35 ಡಿಗ್ರಿವರೆಗಿನ ಕೋಣೆಯಲ್ಲಿ ಬಳಸಬೇಕು ಅಂತ ಕಂಪನಿಗಳೇ ಹೇಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನ 42 ದಾಟುವುದು ಹೊಸದೇನಲ್ಲ. ತಗಡಿನ ಶೆಡ್ಡಿನ ರೂಮಾದರೆ ಒಳಗೆ ಇನ್ನೂ ಜಾಸ್ತಿ. ಲ್ಯಾಪ್‌ಟಾಪ್ ತಣ್ಣಗಾಗುವುದು ಕೋಣೆಯ ಗಾಳಿಯಿಂದಲೇ. ಕೋಣೆ 15 ಡಿಗ್ರಿ ಜಾಸ್ತಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಜಾಸ್ತಿ ಬಿಸಿಯಾಗುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿದ್ದ ಮಷಿನ್ ಏಪ್ರಿಲ್‌ನಲ್ಲಿ ಕೈಕೊಡಲು ಇಷ್ಟೇ ಸಾಕು.

ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 95ರಿಂದ 105 ಡಿಗ್ರಿ ಒಳಗೆ ಇರುತ್ತದೆ. ಮಿತಿ ಹತ್ತಿರ ಬಂದಾಗ ಪ್ರೊಸೆಸರ್ ತಾನೇ ವೇಗ ಇಳಿಸುತ್ತದೆ. ಅದಕ್ಕೇ ಆಫ್ ಆಗುವ ಮೊದಲು ಎಲ್ಲ ನಿಧಾನವಾಗುವುದು. ಆಗಲೂ ಶಾಖ ಇಳಿಯದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಪೂರ್ತಿ ಆಫ್ ಆಗುತ್ತದೆ. ಕೂಡಲೇ ಆನ್ ಮಾಡಿದರೆ ಬೇಗ ಮತ್ತೆ ಆಫ್, ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಚೆನ್ನಾಗಿ ನಡೆಯುತ್ತದೆ ಅಂದರೆ ಅದು ಶಾಖದ್ದೇ ಕೆಲಸ.

ನೋಡಲು ಎಚ್‌ಡಬ್ಲ್ಯೂ ಇನ್ಫೋ ಅನ್ನುವ ಉಚಿತ ಪ್ರೋಗ್ರಾಂ ಸಾಕು. ಅದರಲ್ಲಿ ಸೆನ್ಸರ್ ಪಟ್ಟಿ ತೆರೆದು, ಒಂದು ವಿಡಿಯೋ ಹಚ್ಚಿ, ಹತ್ತು ಹದಿನೈದು ನಿಮಿಷ ಗಮನಿಸಿ. ಸುಮ್ನೆ ಇದ್ದಾಗ 45ರಿಂದ 60 ಇದ್ದು, ಕೆಲಸ ಕೊಟ್ಟಾಗ 85ರ ಆಸುಪಾಸು ನಿಂತರೆ ಈ ಊರಿನ ಬೇಸಿಗೆಗೆ ಅದು ಪರವಾಗಿಲ್ಲ. ಏನೂ ಮಾಡದೆ 75, ಯೂಟ್ಯೂಬ್ ಹಾಕಿದರೆ 95 ತೋರಿಸಿದರೆ ಒಳಗೆ ಗಾಳಿ ಓಡುತ್ತಿಲ್ಲ.

ಮೊದಲು ಕೂರುವ ಜಾಗ ಬದಲಿಸಿ. ಕೌದಿ, ಗಾದಿ, ದಿಂಬಿನ ಮೇಲಿಟ್ಟರೆ ತಳದ ಗಾಳಿ ಕಿಂಡಿ ಪೂರ್ತಿ ಮುಚ್ಚುತ್ತದೆ. ಶಹಾಬಾದ್ ಪರಸಿ ನೆಲವೋ ಗಟ್ಟಿ ಮೇಜೋ ಎಷ್ಟೋ ವಾಸಿ. ಹಿಂಬದಿಯ ಎರಡು ಮೂಲೆಗೆ ಒಂದೊಂದು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದರೂ ಕೆಲವು ಡಿಗ್ರಿ ಇಳಿಯುತ್ತದೆ. ಏರ್ ಕೂಲರ್ ಇರುವ ಕೋಣೆ ಒಳ್ಳೆಯದೇ, ಆದರೆ ಕೂಲರ್ ಬಾಯಿಗೆ ನೇರವಾಗಿ ಲ್ಯಾಪ್‌ಟಾಪ್ ಇಡಬೇಡಿ. ಗಾಳಿಯ ಜೊತೆ ಸಣ್ಣ ಹನಿಗಳೂ ಬರುತ್ತವೆ. ಆ ಹನಿ ಒಳಗಿನ ಧೂಳಿಗೆ ಸೇರಿದರೆ ಬೋರ್ಡಿನ ಮೇಲೆ ಕೆಸರಾಗುತ್ತದೆ.

ಎರಡನೆಯದು, ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಂ ಪ್ರೊಸೆಸರ್ ಸ್ಟೇಟ್' ಅನ್ನುವುದು ಇದ್ದರೆ 100ರಿಂದ 99ಕ್ಕೆ ಇಳಿಸಿ. ಒಂದು ಪರ್ಸೆಂಟ್ ಇಳಿಸಿದರೆ ಏನಾಗುತ್ತದೆ ಅನ್ನಿಸಬಹುದು. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇದರಿಂದ ಟರ್ಬೊ ವೇಗ (ಪ್ರೊಸೆಸರ್ ಆಗಾಗ ಏರಿಸಿಕೊಳ್ಳುವ ಹೆಚ್ಚಿನ ವೇಗ) ನಿಲ್ಲುತ್ತದೆ, ಶಾಖ ಬಹಳ ಇಳಿಯುತ್ತದೆ. ಓದು, ಬರಹ, ಆನ್‌ಲೈನ್ ಕ್ಲಾಸಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದರಿಂದ ಆಫ್ ಆಗುವುದು ನಿಂತರೆ ಕಾರಣ ಶಾಖ ಅಂತ ಖಚಿತವಾಯಿತು, ಒಳಗೆ ಕ್ಲೀನ್ ಮಾಡಿಸಬೇಕು ಅನ್ನುವುದೂ ಖಚಿತವಾಯಿತು.

ಕ್ಲೀನ್ ಮಾಡುವ ವಿಷಯ. ಬೇಳೆ ಮಿಲ್ಲು, ಪರಸಿ ಪಾಲಿಶ್ ಘಟಕ, ಸಿಮೆಂಟ್ ಕಾರ್ಖಾನೆ ಇರುವ ಕಡೆ ಬಳಸಿದ ಮಷಿನ್‌ನಲ್ಲಿ ಧೂಳು ಬಹಳ ಬೇಗ ಸೇರುತ್ತದೆ. ಫ್ಯಾನ್ ಮತ್ತು ತಾಮ್ರದ ಜಾಲರಿಯ ನಡುವೆ ಅದು ಕಂಬಳಿ ತುಂಡಿನ ಹಾಗೆ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಬರುವುದಿಲ್ಲ, ತಳ ತೆಗೆಯಬೇಕು. ವಾರಂಟಿ ಮುಗಿದಿದ್ದು, ಚಿಕ್ಕ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇದ್ದವರು ಮಾಡಬಹುದು. ಚಾರ್ಜರ್ ಕೀಳಿ. ಪೂರ್ತಿ ಶಟ್‌ಡೌನ್ ಮಾಡಿ, ಸ್ಲೀಪ್ ಅಲ್ಲ. ತಳ ತೆಗೆದ ಕೂಡಲೇ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಮೈಯಲ್ಲಿನ ಸ್ಟ್ಯಾಟಿಕ್ ಹೋಗಲು ಲೋಹದ ಕಿಟಕಿಯನ್ನೋ ನಲ್ಲಿಯನ್ನೋ ಒಮ್ಮೆ ಮುಟ್ಟಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದು ಹಿಡಿಯಿರಿ. ಬ್ಲೋವರ್ ಗಾಳಿಗೆ ಮಿತಿ ಮೀರಿ ತಿರುಗಿದರೆ ಫ್ಯಾನ್ ಹಾಳಾಗುತ್ತದೆ.

ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಶಾಖವನ್ನು ಹೀಟ್‌ಸಿಂಕ್‌ಗೆ, ಅಂದರೆ ಶಾಖ ಹೊರಹಾಕುವ ಲೋಹಕ್ಕೆ, ದಾಟಿಸುವ ಲೇಪ) ಹಾಕಿಸುವುದನ್ನು ಅಭ್ಯಾಸ ಇಲ್ಲದವರು ರಿಪೇರಿಯವರಿಗೇ ಬಿಡಿ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಂಕಿ ಇರುತ್ತದೆ, ಅದೇ ಕ್ರಮದಲ್ಲಿ ಬಿಗಿಯಬೇಕು. ಮೆತ್ತಗಿನ ಥರ್ಮಲ್ ಪ್ಯಾಡ್ ಇದ್ದ ಜಾಗಕ್ಕೆ ಪೇಸ್ಟ್ ಬಳಿದರೆ ನಡುವೆ ಸಂದು ಉಳಿದು ಶಾಖ ದಾಟುವುದಿಲ್ಲ. ಪೇಸ್ಟ್ ಹಾಕಿಸಿದ ಮೇಲೂ ಬಿಸಿ ಇಳಿಯಲಿಲ್ಲ ಅನ್ನುವವರು ಮೊದಲು ಈ ಎರಡನ್ನು ಕೇಳಿ ತಿಳಿದುಕೊಳ್ಳಿ.

ಲಕ್ಷಣ 3: ಬ್ಲೂ ಸ್ಕ್ರೀನ್ ಬಂದು ತಾನೇ ರೀಸ್ಟಾರ್ಟ್

ವಿಂಡೋಸ್ 11ರ ಹೊಸ ಅಪ್‌ಡೇಟ್‌ಗಳಲ್ಲಿ ಈ ಪರದೆ ನೀಲಿಯಲ್ಲ, ಕಪ್ಪು. ಬಣ್ಣ ಯಾವುದಾದರೂ ಓದಬೇಕಾದ್ದು ಕೆಳಗಿನ ಸ್ಟಾಪ್ ಕೋಡ್. ಬಹಳ ಸಲ ಓದುವ ಮೊದಲೇ ಮಾಯವಾಗುತ್ತದೆ. ಸಿಸ್ಟಂ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ 'ಸ್ಟಾರ್ಟಪ್ ಅಂಡ್ ರಿಕವರಿ' ತೆರೆದು 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಟಿಕ್ ತೆಗೆದುಬಿಡಿ. ಮುಂದಿನ ಸಲ ಪರದೆ ನಿಲ್ಲುತ್ತದೆ, ಫೋಟೋ ತೆಗೆಯಿರಿ.

ಒಂದೇ ಕೋಡ್ ಪ್ರತಿ ಸಲ ಬರುತ್ತಾ, ಬೇರೆ ಬೇರೆ ಬರುತ್ತಾ? ಮೊದಲು ಇದನ್ನು ನೋಡಿ. ಒಂದೇ ಕೋಡು, ಅದರ ಕೆಳಗೆ ಒಂದೇ ಫೈಲ್ ಹೆಸರು ಬಂದರೆ ಆ ಡ್ರೈವರ್ ಮೇಲೆ ಅನುಮಾನ. ಇವತ್ತು 'ಮೆಮೊರಿ ಮ್ಯಾನೇಜ್‌ಮೆಂಟ್', ನಾಳೆ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್', ನಾಡಿದ್ದು ಮತ್ತೊಂದು ಅಂತ ದಿನಕ್ಕೊಂದು ಬಂದರೆ ಮೊದಲು ರ‍್ಯಾಮ್ ನೋಡಬೇಕು. 'ವಿಡಿಯೋ ಟಿಡಿಆರ್' ಅಂತ ಇದ್ದರೆ ಗ್ರಾಫಿಕ್ಸ್. 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಅಂದರೆ ಡಿಸ್ಕಿನಿಂದ ಓದಲು ಆಗಲಿಲ್ಲ ಅಂತ. 'ವಿಯಾ (WHEA) ಅನ್‌ಕರೆಕ್ಟಬಲ್ ಎರರ್' ಬಂದರೆ ಪ್ರೊಸೆಸರೋ ಅದರ ಸುತ್ತಲಿನ ಹಾರ್ಡ್‌ವೇರೋ ತಾನೇ ತಪ್ಪನ್ನು ವರದಿ ಮಾಡಿದೆ. ಮೊದಲು ಶಾಖ ನೋಡಿ, ಆಮೇಲೆ ಬಯೋಸ್ (ವಿಂಡೋಸ್‌ಗಿಂತ ಮೊದಲು ಏಳುವ, ಬೋರ್ಡಿನೊಳಗಿನ ಪ್ರೋಗ್ರಾಂ) ಅಪ್‌ಡೇಟ್, ಅದೂ ಆಗದಿದ್ದರೆ ಬೋರ್ಡ್.

ರ‍್ಯಾಮ್ ಪರೀಕ್ಷೆಗೆ ಖರ್ಚಿಲ್ಲ. ಸ್ಟಾರ್ಟ್‌ನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್' ಇದೆ. ಅದು ಚಿಕ್ಕ ದೋಷ ಕೆಲವು ಸಲ ಹಿಡಿಯುವುದಿಲ್ಲ. ಮೆಮ್‌ಟೆಸ್ಟ್ 86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ತಂಪಿನಲ್ಲಿ ನಡೆಸುವುದು ಇನ್ನೂ ನಂಬಿಕೆಯದು. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಸರಿಯಿಲ್ಲ. ಎರಡು ರ‍್ಯಾಮ್ ಇದ್ದರೆ ಒಂದು ತೆಗೆದು ಪರೀಕ್ಷಿಸಿ, ಆಮೇಲೆ ಇನ್ನೊಂದು. ಮಾರುವ ಮೊದಲು 4 ಜಿಬಿಯನ್ನು 8 ಮಾಡಲು ಬೇರೆ ಕಂಪನಿಯ ಹಳೇ ರ‍್ಯಾಮ್ ಸೇರಿಸಿರುವುದು ಬಹಳ ಕಡೆ ಇದೆ. ತೊಂದರೆ ಅಲ್ಲೇ ಇರಬಹುದು. ಎಷ್ಟೋ ಸಲ ರ‍್ಯಾಮ್ ಕೆಟ್ಟಿರುವುದೇ ಇಲ್ಲ, ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ. ಮೊಬೈಲ್ ರಿಪೇರಿ ಸಾಮಾನು ಮಾರುವಲ್ಲಿ ಸಿಗುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವವನ್ನು ಹತ್ತಿಗೆ ಹಾಕಿ ಒರೆಸಿ, ಒಣಗಿಸಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಇಲ್ಲೂ ಬ್ಯಾಟರಿ ಕನೆಕ್ಟರ್ ಮೊದಲು ತೆಗೆಯುವುದನ್ನು ಮರೆಯಬೇಡಿ.

ಡ್ರೈವರ್ ಅನುಮಾನ ಇದ್ದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿಗೆ ಹೋಗಿ, ತಳದಲ್ಲಿರುವ ಸೀರಿಯಲ್ ಅಥವಾ ಸರ್ವಿಸ್ ಟ್ಯಾಗ್ ಕೊಟ್ಟು ಅದೇ ಮಾಡೆಲ್‌ನ ಡ್ರೈವರ್ ಇಳಿಸಿಕೊಳ್ಳಿ. 'ಡ್ರೈವರ್ ಅಪ್‌ಡೇಟರ್' ಅನ್ನುವ ಪ್ರೋಗ್ರಾಂಗಳನ್ನು ದೂರ ಇಡಿ, ಅವು ಹೊಸ ತೊಂದರೆ ತರುತ್ತವೆ. ಬಯೋಸ್ ಅಪ್‌ಡೇಟ್ ಮಾಡುವಾಗ ಚಾರ್ಜರ್ ಹಾಕಿರಬೇಕು, ಬ್ಯಾಟರಿಯೂ ನಿಜವಾಗಿ ಚಾರ್ಜ್ ಹಿಡಿಯುವಂತಿರಬೇಕು. ಮೇ ತಿಂಗಳ ಸಂಜೆ ಗಾಳಿ ಎದ್ದು ಮೋಡ ಕಟ್ಟಿದಾಗ ಆ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದಂತಾಗಬಹುದು. ಬಯೋಸ್ ಸೆಟ್ಟಿಂಗ್ ಡಿಫಾಲ್ಟ್ ಮಾಡುವ ಮೊದಲು ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡುವ ರೀತಿ) ಏನಿದೆ ಅಂತ ಫೋಟೋ ತೆಗೆದಿಡಿ. ಅದು ಬದಲಾದರೆ ವಿಂಡೋಸ್ ಏಳುವುದಿಲ್ಲ, ಇದ್ದ ತೊಂದರೆಗೆ ಇನ್ನೊಂದು ಸೇರುತ್ತದೆ.

ಲಕ್ಷಣ 4: ಇದ್ದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ, ಮೌಸ್ ಅಲುಗಾಡುವುದಿಲ್ಲ

ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಲೈಟು ಆನ್ ಆಫ್ ಆಗುತ್ತಿದ್ದರೆ ಮಷಿನ್ ಇನ್ನೂ ಜೀವಂತ ಇದೆ, ಐದು ನಿಮಿಷ ಕಾಯಿರಿ. ಕಾದ ಮೇಲೆ ಮತ್ತೆ ನಡೆಯಲು ಶುರುಮಾಡಿದರೆ ಡಿಸ್ಕಿನ ಮೇಲೆ ಅನುಮಾನ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿ. 'ಗುಡ್' ಇದ್ದರೆ ಸರಿ. 'ಕಾಷನ್' ಅಥವಾ 'ಬ್ಯಾಡ್' ಇದ್ದರೆ ಇನ್ನು ಪರೀಕ್ಷೆ ಸಾಕು, ಫೈಲ್‌ಗಳನ್ನು ತೆಗೆದುಕೊಂಡು ಡಿಸ್ಕ್ ಬದಲಿಸಿ. ಹಳೇ ತಿರುಗುವ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿದರೆ ಕೂಡಲೇ ಆಫ್ ಮಾಡಿ. ಅಂಥ ಡಿಸ್ಕಿನ ಮೇಲೆ ಚೆಕ್ ಡಿಸ್ಕ್ ನಡೆಸಿದರೆ ಉಳಿದದ್ದೂ ಹೋಗಬಹುದು. ಬೇಕಾದ ಫೈಲ್ ಅದರಲ್ಲಿದ್ದರೆ ಡೇಟಾ ರಿಕವರಿ ಮಾಡುವವರ ಬಳಿ ಹೋಗಿ.

ಡಿಸ್ಕ್ ಚೆನ್ನಾಗಿದ್ದು, ಕ್ಯಾಪ್ಸ್ ಲಾಕ್ ಕೂಡ ಸತ್ತಿದ್ದರೆ ರ‍್ಯಾಮ್ ಪರೀಕ್ಷೆಗೆ ಹೋಗಿ, ಮೇಲೆ ಹೇಳಿದೆ.

ಲಕ್ಷಣ 5: ಪರದೆ ಮಾತ್ರ ಕಪ್ಪು, ಹಾಡು ಕೇಳಿಸುತ್ತಲೇ ಇದೆ

ಇದು ಕ್ರ್ಯಾಶ್ ಅಲ್ಲ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರೂ ಒತ್ತಿ ಹಿಡಿದು ಬಿ ಅಕ್ಷರ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಬಾರದಿದ್ದರೆ ಟಿವಿಗೆ ಎಚ್‌ಡಿಎಂಐ ಹಾಕಿ ನೋಡಿ. ಅಲ್ಲಿ ಬಂದರೆ ಸ್ಕ್ರೀನ್ ಕೇಬಲ್ ಅಥವಾ ಪ್ಯಾನೆಲ್. ಮುಚ್ಚಳವನ್ನು ಒಂದು ಕೋನಕ್ಕೆ ತಂದಾಗ ಮಾತ್ರ ಹೋಗುತ್ತಿದ್ದರೆ ಕೇಬಲ್ಲೇ. ಇನ್ನೊಂದು ಇದೆ, ಬಹಳ ಜನರಿಗೆ ಗೊತ್ತಿಲ್ಲ. ಮುಚ್ಚಳ ಮುಚ್ಚಿದ್ದು ತಿಳಿಯಲು ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಮ್ಯಾಗ್ನೆಟ್ ಸೆನ್ಸರ್ ಇರುತ್ತದೆ. ಮ್ಯಾಗ್ನೆಟ್ ಇರುವ ವಾಚ್ ಪಟ್ಟಿ, ಫೋನ್ ಕವರ್ ಅದರ ಹತ್ತಿರ ಬಂದರೂ ಲ್ಯಾಪ್‌ಟಾಪ್ ಮಲಗಿಬಿಡುತ್ತದೆ.

ಲಕ್ಷಣ 6: ಎತ್ತಿದರೆ, ಮೂಲೆ ಒತ್ತಿದರೆ ಆಫ್

ರ‍್ಯಾಮ್ ಅಥವಾ ಬ್ಯಾಟರಿ ಕನೆಕ್ಟರ್ ಸಡಿಲ ಇರಬಹುದು, ಒಮ್ಮೆ ತೆಗೆದು ಕೂರಿಸಿ. ಚಾರ್ಜಿಂಗ್ ಪಿನ್ ಅಲ್ಲಾಡಿದಾಗ ಮಾತ್ರ ಆದರೆ ಆ ಜಾಕ್ ಬದಲಿಸಬೇಕು, ದೊಡ್ಡ ಕೆಲಸವಲ್ಲ. ಎರಡೂ ಅಲ್ಲ ಅಂದರೆ ಬೋರ್ಡಿನಲ್ಲಿ ಬೆಸುಗೆ ಬಿಟ್ಟಿದೆ. ಅದು ಮನೆಯಲ್ಲಿ ಆಗುವಂಥದ್ದಲ್ಲ. ಬೋರ್ಡ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಹಿಂದೆ ಯಾವಾಗಲೋ ನೀರೋ ಚಹಾವೋ ಬಿದ್ದಿದೆ. ಆನ್ ಮಾಡದೆ ಹಾಗೇ ಒಯ್ಯಿರಿ.

ಯಾವುದೂ ಗೊತ್ತಾಗದಿದ್ದಾಗ: ಒಂದು ಪೆನ್‌ಡ್ರೈವ್ ಪರೀಕ್ಷೆ

ಹಾರ್ಡ್‌ವೇರಾ, ವಿಂಡೋಸಾ ಅನ್ನುವುದನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ನಡೆಸಬಹುದಾದ ಉಚಿತ ಲಿನಕ್ಸ್ ಸಿಸ್ಟಂಗಳು) ಹಾಕಿ, ಅದರಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತಬೇಡಿ, ಉಬುಂಟುವಿನಲ್ಲಿ 'ಟ್ರೈ' ಆರಿಸಿ. ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಒಂದು ದಿನ ಅದರಲ್ಲೇ ಬ್ರೌಸರ್, ವಿಡಿಯೋ ನಡೆಸಿ. ಅಲ್ಲೂ ಬಂದ್ ಬಿದ್ದರೆ ಬಹುತೇಕ ಹಾರ್ಡ್‌ವೇರೇ, ಫಾರ್ಮ್ಯಾಟ್‌ಗೆ ದುಡ್ಡು ಕೊಡಬೇಡಿ. ಅಲ್ಲಿ ಚೆನ್ನಾಗಿ ನಡೆದರೆ ಅನುಮಾನ ವಿಂಡೋಸ್, ಡ್ರೈವರ್ ಅಥವಾ ಡಿಸ್ಕ್ ಮೇಲೆ ಉಳಿಯುತ್ತದೆ.

ಕಂಪನಿಯದೇ ಪರೀಕ್ಷೆಯೂ ಒಳಗೆ ಇದೆ. ಡೆಲ್‌ನಲ್ಲಿ ಆನ್ ಆಗುವಾಗ ಎಫ್12 ಒತ್ತಿದರೆ ಡಯಾಗ್ನೋಸ್ಟಿಕ್ಸ್ ಸಿಗುತ್ತದೆ, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್2. ಕೊನೆಗೆ ಬರುವ ಎರರ್ ಕೋಡ್ ಬರೆದಿಟ್ಟುಕೊಳ್ಳಿ.

ಡಿಸ್ಕ್ ಸರಿಯಿದ್ದು ವಿಂಡೋಸ್ ಮೇಲೆಯೇ ಅನುಮಾನ ಬಂದರೆ ಈಗ ಹೊಸದಾಗಿ ವಿಂಡೋಸ್ ಹಾಕಿಸಬಹುದು. ಮೈಕ್ರೋಸಾಫ್ಟ್‌ನ ಸೈಟಿನಿಂದಲೇ ಇಳಿಸಿದ್ದನ್ನು ಹಾಕಿ. ಆಕ್ಟಿವೇಟರ್ ಹಾಕಿದ ಕ್ರ್ಯಾಕ್ ವಿಂಡೋಸ್ ಬೇಡ, ಅದರ ಜೊತೆ ಏನು ಒಳಗೆ ಬರುತ್ತದೋ ಯಾರಿಗೂ ತಿಳಿಯದು. ಕಂಪನಿ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಸಲ ಲೈಸೆನ್ಸ್ ಬಯೋಸ್ ಒಳಗೇ ಇರುತ್ತದೆ, ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಷನ್‌ನಿಂದ ಮೇಲಕ್ಕೆ ಮಾತ್ರ ಅಧಿಕೃತ. 6ನೇ, 7ನೇ ಜನರೇಷನ್ ಮಷಿನ್‌ಗೆ ಅಡ್ಡದಾರಿಯಲ್ಲಿ 11 ಹಾಕಿ ಮಾರಿದ್ದರೆ, ಅದರಲ್ಲೇ ಬಂದ್ ಬೀಳುತ್ತಿದ್ದರೆ, ಪೆನ್‌ಡ್ರೈವ್‌ನಲ್ಲಿ ಚೆನ್ನಾಗಿ ನಡೆದ ಲಿನಕ್ಸನ್ನೇ ಪೂರ್ತಿ ಹಾಕಿಕೊಳ್ಳಿ ಅನ್ನುತ್ತೇನೆ. ಓದುವ ಮಕ್ಕಳ ಹೆಚ್ಚಿನ ಕೆಲಸ ಅದರಲ್ಲಿ ಆಗುತ್ತದೆ.

ರಿಪೇರಿಗೆ ಕೊಡುವಾಗ

ನೀವು ಬರೆದಿಟ್ಟ ಹಾಳೆ, ಕೋಡ್ ಫೋಟೋ, ವಿಡಿಯೋ ಮೂರನ್ನೂ ತೋರಿಸಿ. "ಬಂದ್ ಬೀಳ್ತದ" ಅಂತಷ್ಟೇ ಹೇಳಿದರೆ ಅವರು ಫಾರ್ಮ್ಯಾಟ್‌ನಿಂದಲೇ ಶುರು ಮಾಡುತ್ತಾರೆ, ಅವರದೂ ತಪ್ಪಲ್ಲ. ಯಾವ ಯಾವ ಪರೀಕ್ಷೆ ಮಾಡಿದಿರಿ, ಏನು ಬಂತು ಹೇಳಿ. ಫಾರ್ಮ್ಯಾಟ್ ಬೇಡ ಅಂತ ಸ್ಲಿಪ್ಪಿನಲ್ಲಿ ಬರೆಸಿ. ರ‍್ಯಾಮ್ ಎಷ್ಟು ಜಿಬಿ, ಎಸ್‌ಎಸ್‌ಡಿ ಯಾವ ಕಂಪನಿ, ಅದರ ಸೀರಿಯಲ್ ನಂಬರ್ ಏನು ಅಂತ ಕೊಡುವ ಮೊದಲು ಬರೆದುಕೊಳ್ಳಿ. ಬದಲಿಸಿದ ಹಳೇ ಪಾರ್ಟ್ ವಾಪಸ್ ಕೇಳಿ. "ಮದರ್‌ಬೋರ್ಡ್ ಹೋಗ್ಯಾದ" ಅಂದರೆ ಯಾವ ಪರೀಕ್ಷೆಯಿಂದ ಗೊತ್ತಾಯಿತು ಅಂತ ಕೇಳಿ. ಬೋರ್ಡಿನ ಖರ್ಚು ನೀವು ಲ್ಯಾಪ್‌ಟಾಪ್‌ಗೆ ಕೊಟ್ಟ ಬೆಲೆಯ ಅರ್ಧ ದಾಟುತ್ತಿದ್ದರೆ ಬೋರ್ಡ್ ಹಾಕಿಸಬೇಡಿ. ರ‍್ಯಾಮ್, ಎಸ್‌ಎಸ್‌ಡಿ, ಚಾರ್ಜರ್ ಮೂರನ್ನೂ ಬಿಚ್ಚಿಸಿ ಇಟ್ಟುಕೊಳ್ಳಿ. ಅದೇ ಮಾಡೆಲ್‌ನ ಇನ್ನೊಂದು ಮಷಿನ್ ಸಿಕ್ಕರೆ ಅವು ಅದಕ್ಕೇ ಬರುತ್ತವೆ.